ಲಿಮೋನೆಯ ಕಂಬಗಳು

ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ತಾಲ್ಲೂಕಿನ ಹೆಸರು ಹೇಳಿದರೆ ಸಾಕು, ವಿಜಯಪುರ ಕಡೆಯವರು "ಲಿಂಬಿ ಎಷ್ಟ ಎಕರೆ ಐತ್ರಿ?" ಅಂತ ಕೇಳಿಬಿಡ್ತಾರೆ. ನಮ್ಮದು ನಾಲ್ಕು ಎಕರೆ. ನನ್ನ ಬಿಇ ಫೀಸು, ಹಾಸ್ಟೆಲ್ ಊಟ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಎಲ್ಲವನ್ನೂ ಕೊಟ್ಟದ್ದು ಆ ಗಿಡಗಳೇ. ಈಗ ಲಿಂಬೆ ಮುಳ್ಳು ನನ್ನ ಕೈಗೆ ಚುಚ್ಚಿ ಹತ್ತು ಹನ್ನೆರಡು ವರ್ಷವಾದರೂ ಆಗಿರಬೇಕು. ಆದರೂ ಯಾವ ಊರಿಗೆ ಹೋದರೂ, ಯಾವ ಸೂಪರ್ ಮಾರ್ಕೆಟ್ಟಿಗೆ ಹೊಕ್ಕರೂ ಲಿಂಬೆ ಕಂಡರೆ ಎತ್ತಿ, ಹಿಚುಕಿ, ಮೂಸಿ ನೋಡುವ ಚಾಳಿ ಮಾತ್ರ ಹೋಗಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆಂದು ಮ್ಯೂನಿಕ್‌ನಲ್ಲಿದ್ದೆ. ಈಸ್ಟರ್‌ಗೆ ನಾಲ್ಕು ದಿನ ರಜೆ. ಎಲ್ಲಿ ಹೋಗೋದು ಅಂತ ಮ್ಯಾಪ್ ತೆರೆದು ಆಲ್ಪ್ಸ್ ದಾಟಿ ಕೆಳಗೆ ಜಾರಿಸ್ತಾ ಇದ್ದಾಗ ಉತ್ತರ ಇಟಲಿಯ ಗಾರ್ಡಾ ಸರೋವರದ ದಡದಲ್ಲಿ ಒಂದು ಹೆಸರು ಕಂಡಿತು: ಲಿಮೋನೆ. ಇಟಾಲಿಯನ್‌ನಲ್ಲಿ ಲಿಮೋನೆ ಅಂದರೆ ಲಿಂಬೆ! ಇಂಡಿಯವನಿಗೆ ಇದಕ್ಕಿಂತ ಬೇರೆ ಕಾರಣ ಬೇಕಾ? ಟಿಕೆಟ್ ಬುಕ್ ಮಾಡಿದೆ.

ಅದೇ ವಾರ ಅಪ್ಪ ಫೋನ್ ಮಾಡಿದ್ದ. "ತಮ್ಮಾ, ಎರಡನೇ ಬೋರೂ ಕೈ ಕೊಟ್ಟಿತು. ಟ್ಯಾಂಕರ್ ನೀರ ಹಾಕಿ ಎಷ್ಟ ದಿನಾ ಗಿಡಾ ಉಳಸೂದು? ಎರಡ ಎಕರೆ ಕಡಿಸಿಬಿಡ್ಲೇನು?"

"ಬ್ಯಾಡಪಾ, ಕಡಸಬ್ಯಾಡ" ಅಂದೆ, ಒಂದು ಸೆಕೆಂಡೂ ಯೋಚನೆ ಮಾಡದೆ. ಅಪ್ಪ ಏನೂ ಅನ್ನಲಿಲ್ಲ. ಆಮೇಲೆ ಮಾತು ಹವಾಮಾನದ ಕಡೆ ಹೊರಳಿತು.

ಆ "ಬ್ಯಾಡ" ಎನ್ನುವ ಮಾತನ್ನು ಕಟ್ಟಿಕೊಂಡೇ ನಾನು ಲಿಮೋನೆಗೆ ಹೋದದ್ದು. ಈ ಬರಹ ಆ ಊರಿನ ಚರಿತ್ರೆ.

* * *

ಮ್ಯೂನಿಕ್‌ನಿಂದ ರೈಲು ಬ್ರೆನ್ನರ್ ಕಣಿವೆ ಹತ್ತಿ ಇಳಿದು ರೊವೆರೆತೊ ಎಂಬ ಊರಿಗೆ ತರುತ್ತದೆ. ಅಲ್ಲಿಂದ ಬಸ್ಸಿನಲ್ಲಿ ರೀವಾ. ರೀವಾ ಇರುವುದು ಗಾರ್ಡಾದ ಉತ್ತರದ ತುದಿಯಲ್ಲಿ. ಅಲ್ಲಿಂದ ಬಸ್ಸೂ ಉಂಟು, ದೋಣಿಯೂ ಉಂಟು. ನಾನು ದೋಣಿ ಹಿಡಿದೆ. ಲಿಮೋನೆಯನ್ನು ನೋಡಬೇಕಾದ್ದು ನೀರಿನ ಕಡೆಯಿಂದಲೇ ಅಂತ ಆಮೇಲೆ ಗೊತ್ತಾಯಿತು. ಯಾಕೆಂದರೆ ಶತಮಾನಗಳ ಕಾಲ ಆ ಊರಿಗೆ ಇದ್ದ ಮುಖ್ಯ ದಾರಿ ಅದೊಂದೇ.

ಗಾರ್ಡಾ ಇಟಲಿಯ ಅತಿ ದೊಡ್ಡ ಸರೋವರ. ಸುಮಾರು 370 ಚದರ ಕಿಲೋಮೀಟರ್ ವಿಸ್ತಾರ, ಆಳ 346 ಮೀಟರ್. ಹಿಮಯುಗದಲ್ಲಿ ಆಲ್ಪ್ಸ್‌ನಿಂದ ಇಳಿದ ಹಿಮನದಿ ಕೊರೆದ ಹಳ್ಳ ಅದು. ದಕ್ಷಿಣಕ್ಕೆ ಬಯಲು, ಅಲ್ಲಿ ಸರೋವರ ಅಗಲವಾಗಿ ಹರಡಿಕೊಂಡಿದೆ. ಉತ್ತರಕ್ಕೆ ಬಂದಂತೆ ಎರಡೂ ಕಡೆ ಬೆಟ್ಟಗಳು ಒತ್ತಿಕೊಂಡು ಬಂದು ಸರೋವರ ಒಂದು ಓಣಿಯಂತಾಗುತ್ತದೆ. ಪಶ್ಚಿಮದ ದಡದಲ್ಲಂತೂ ಬಂಡೆ ಸೀದಾ ನೀರಿಗೇ ಇಳಿದಿದೆ, ಕಾಲಿಡಲು ಜಾಗವಿಲ್ಲ. ಅಂಥ ಬಂಡೆಗಳ ನಡುವೆ ಒಂದು ಕಡೆ ಬೆಟ್ಟ ಸ್ವಲ್ಪ ಹಿಂದೆ ಸರಿದಿದೆ. ಆ ಜಾಗದಲ್ಲಿ ಲಿಮೋನೆ ಕೂತಿದೆ. ಇವತ್ತಿಗೂ ಅಲ್ಲಿಯ ಜನಸಂಖ್ಯೆ ಸಾವಿರದ ಆಸುಪಾಸು.

ದೋಣಿ ಹತ್ತಿರ ಬಂದಂತೆ ಮೊದಲು ಕಂಡದ್ದು ಮನೆಗಳಲ್ಲ, ಕಂಬಗಳು. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಲು ಸಾಲು ಬಿಳಿ ಚೌಕ ಕಂಬಗಳು. ಹಿಂದೆ ಎತ್ತರದ ಗೋಡೆ, ಮೇಲೆ ಛಾವಣಿ ಇಲ್ಲ. ನನಗೆ ತಟ್ಟನೆ ಹಂಪಿಯ ಬಜಾರಿನ ಕಂಬಸಾಲು ನೆನಪಾಯಿತು. ಯಾವುದೋ ಹಾಳಾದ ದೇವಸ್ಥಾನ ಇರಬೇಕು ಅಂದುಕೊಂಡೆ. ಅಲ್ಲ. ಅವು ಲಿಂಬೆ ತೋಟಗಳು.

* * *

ಮೊದಲು ಹೆಸರಿನ ಕಥೆ ಮುಗಿಸಿಬಿಡೋಣ. ಊರ ತುಂಬಾ ಲಿಂಬೆ ಸೋಪು, ಲಿಂಬೆ ಬಿಸ್ಕತ್ತು, ಲಿಂಬೆ ಚಿತ್ರದ ತಟ್ಟೆ ಮಾರುತ್ತಾರೆ. ಆದರೆ ಲಿಮೋನೆಗೆ ಆ ಹೆಸರು ಬಂದದ್ದು ಲಿಂಬೆಯಿಂದ ಅಲ್ಲವಂತೆ. ಈ ಕಡೆ ಲಿಂಬೆ ಬೆಳೆ ನೆಲೆಯೂರುವ ಮೊದಲೇ ಊರಿಗೆ ಆ ಹೆಸರಿತ್ತು. ಗಡಿ ಎಂಬ ಅರ್ಥದ ಲ್ಯಾಟಿನ್ ಪದ 'ಲೀಮೆಸ್'ನಿಂದ ಬಂದಿರಬೇಕು ಎನ್ನುವುದು ಹೆಚ್ಚಿನವರ ಊಹೆ. ಗಡಿಯ ಊರು ಅನ್ನೋದಂತೂ ನಿಜ, ಅದಕ್ಕೆ ಮುಂದೆ ಬರ್ತೀನಿ. ಲಿಂಬೆಗೆ ಹೇಳುವ 'ಲಿಮೋನೆ' ಪದದ ದಾರಿಯೇ ಬೇರೆ. ಅದು ಅರಬ್ಬಿಯಿಂದ ಇಟಲಿಗೆ ಬಂದದ್ದು, ಅರಬ್ಬಿಗೆ ಪರ್ಷಿಯನ್ನಿನಿಂದ. ನಮ್ಮ ನಿಂಬೆ, ಲಿಂಬೆಗಳೂ ಇದೇ ಬಳಗದವು ಅಂತ ಪದಗಳ ಜಾಡು ಹಿಡಿದವರು ಹೇಳುತ್ತಾರೆ. ಅಂದರೆ ಊರ ಹೆಸರಿಗೂ ಹಣ್ಣಿನ ಹೆಸರಿಗೂ ಸಂಬಂಧ ಇಲ್ಲ. ಹಣ್ಣಿನ ಹೆಸರಿಗೂ ನಮ್ಮೂರಿಗೂ ದೂರದ ನೆಂಟಸ್ತಿಕೆ ಇದೆ!

ಇನ್ನೊಂದು ಮಾತು. ಅವರ ಲಿಂಬೆ ನಮ್ಮ ಲಿಂಬೆ ಅಲ್ಲ. ಅದು ಅಂಗೈ ತುಂಬುವಷ್ಟು ದೊಡ್ಡದು, ಉದ್ದುದ್ದ, ಹಳದಿ. ನಮ್ಮದು ದುಂಡನೆಯ, ಕಾಗದದಂಥ ತೆಳು ಸಿಪ್ಪೆಯ ಕಾಗಜಿ ಲಿಂಬೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಆದ್ದರಿಂದ ಈ ಬರಹದಲ್ಲೂ ಹಾಗೇ ಇರಲಿ.

ಈ ಸರೋವರದ ದಡಕ್ಕೆ ಲಿಂಬೆ ಜಾತಿಯ ಗಿಡಗಳನ್ನು ಮೊದಲು ತಂದವರು ಹದಿಮೂರನೇ ಶತಮಾನದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಎಂಬ ನಂಬಿಕೆ ಇದೆ. ಲಿಮೋನೆಯ ದಕ್ಷಿಣಕ್ಕಿರುವ ಗಾರ್ನ್ಯಾನೊ ಊರಿನ ಅವರ ಮಠದ ಕಂಬಗಳ ಮೇಲೆ ಈ ಹಣ್ಣುಗಳ ಕೆತ್ತನೆ ಇದೆ. ಸನ್ಯಾಸಿಗಳ ಅಂಗಳದ ನಾಲ್ಕು ಗಿಡ ಮುಂದೆ ವ್ಯಾಪಾರದ ಬೆಳೆಯಾಯಿತು. ಆಗ ಈ ದಡ ವೆನಿಸ್ ಗಣರಾಜ್ಯದ ಕೈಯಲ್ಲಿತ್ತು. ಹದಿನೇಳು, ಹದಿನೆಂಟನೇ ಶತಮಾನದ ಹೊತ್ತಿಗೆ ಲಿಮೋನೆಯ ಇಳಿಜಾರುಗಳ ಮೇಲೆ ಕಂಬಗಳು ಏಳತೊಡಗಿದವು.

ಕಂಬ ಯಾಕೆ? ಇಲ್ಲೇ ಇರುವುದು ಮಜಾ. ಲಿಮೋನೆ ಇರುವುದು ಸುಮಾರು 45.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಂಡಿ ಇರುವುದು 17ರಲ್ಲಿ. ಲಿಂಬೆ ಗಿಡಕ್ಕೆ ಹಿಮ ತಡೆಯುವ ಶಕ್ತಿ ಇಲ್ಲ. ಉಷ್ಣಾಂಶ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಹಣ್ಣು, ಚಿಗುರು ಎಲ್ಲ ಕರಕಲು. ಅಲ್ಲಿ ಲಿಂಬೆ ಬೆಳೀತೀನಿ ಅನ್ನೋದೇ ಒಂದು ಹಟ. ಆ ಹಟಕ್ಕೆ ಪ್ರಕೃತಿ ಅರ್ಧ ಸಹಾಯ ಮಾಡಿತು. ಅಷ್ಟು ಆಳದ ನೀರು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಮೆಲ್ಲಗೆ ಬಿಡುತ್ತದೆ. ಬೆನ್ನಿಗಿರುವ ಬೆಟ್ಟ ಉತ್ತರದ ಗಾಳಿಯನ್ನು ತಡೆಯುತ್ತದೆ. ಉಳಿದರ್ಧ ಮನುಷ್ಯ ಮಾಡಬೇಕಿತ್ತು.

ಅವರು ಮಾಡಿದ್ದು ಹೀಗೆ. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಒಡ್ಡು ಕಟ್ಟಿ ಮಟ್ಟ ಮಾಡಿದರು. ಬಂಡೆಯ ಮೇಲೆ ಮಣ್ಣೆಲ್ಲಿಂದ ಬರಬೇಕು? ದಕ್ಷಿಣದ ದಡದಿಂದ ದೋಣಿಯಲ್ಲಿ ಮಣ್ಣು ತಂದು ಸುರಿದರು ಅಂತ ಅಲ್ಲಿಯವರು ಹೇಳುತ್ತಾರೆ. ಮೂರು ಕಡೆ ಎತ್ತರದ ಗೋಡೆ, ಬಿಸಿಲು ಬರುವ ಸರೋವರದ ಕಡೆ ಮಾತ್ರ ಖಾಲಿ. ಪ್ರತಿ ಅಂತಸ್ತಿನಲ್ಲೂ ಸಾಲಾಗಿ ಕಲ್ಲಿನ ಕಂಬ, ಎರಡು ಕಂಬಗಳ ನಡುವಿನ ಅಂಕಣಕ್ಕೊಂದು ಗಿಡ. ಕಂಬದಿಂದ ಗೋಡೆಗೆ ಮರದ ತೊಲೆ, ಜಂತಿ. ನವೆಂಬರ್ ಬಂತೆಂದರೆ ಆಳುಗಳು ತೊಲೆಗಳ ಮೇಲೆ ಹತ್ತಿ ಮೇಲ್ಗಡೆಗೆಲ್ಲ ಹಲಗೆ ಹೊದಿಸುತ್ತಿದ್ದರು. ಮುಂಭಾಗಕ್ಕೆ ಹಲಗೆ ಮತ್ತು ಗಾಜಿನ ಚೌಕಟ್ಟು. ಇಡೀ ತೋಟವೇ ಒಂದು ಮನೆಯಾಗುತ್ತಿತ್ತು. ಬಿಸಿಲಿದ್ದ ದಿನ ಗಾಜು ತೆರೆಯಬೇಕು, ಇಳಿಹೊತ್ತಿಗೆ ಮುಚ್ಚಬೇಕು. ತೀರಾ ಚಳಿಯ ರಾತ್ರಿ ಒಳಗೆ ಬೆಂಕಿ ಹಾಕಿ ಕಾಯಬೇಕು. ಮಾರ್ಚ್ ಹೊತ್ತಿಗೆ ಮತ್ತೆ ಎಲ್ಲ ಹಲಗೆ, ಎಲ್ಲ ಗಾಜು ಬಿಚ್ಚಿ ಜೋಪಾನವಾಗಿ ಎತ್ತಿಡಬೇಕು. ಬೇಸಿಗೆಗೆ ಬೆಟ್ಟದ ಹಳ್ಳದ ನೀರನ್ನು ಸಣ್ಣ ಕಾಲುವೆಗಳಲ್ಲಿ ಗಿಡ ಗಿಡಕ್ಕೂ ಹರಿಸಬೇಕು.

ಪ್ರತಿ ವರ್ಷ. ತಪ್ಪದೆ. ಒಂದೇ ಒಂದು ರಾತ್ರಿ ಕಾವಲು ತಪ್ಪಿದರೂ ವರ್ಷಗಟ್ಟಲೆ ಬೆಳೆಸಿದ ಗಿಡ ಹೋಗಬಹುದು. ನಾವು ಪ್ರೊಡಕ್ಷನ್ ಸಪೋರ್ಟ್ ಅಂತ ರಾತ್ರಿ ಪಾಳಿ ಮಾಡಿ ಗೊಣಗ್ತೀವಲ್ಲ, ಇವರದ್ದು ಇನ್ನೂರು ವರ್ಷದ ಸಪೋರ್ಟು.

* * *

ಇಷ್ಟೆಲ್ಲ ಖರ್ಚು ಮಾಡಿ ಬೆಳೆದ ಹಣ್ಣು ಲಾಭಕ್ಕೆ ಹೋಗುತ್ತಿದ್ದದ್ದು ಹೇಗೆ? ಉತ್ತರ ಭೂಗೋಳದಲ್ಲಿದೆ. ಆಲ್ಪ್ಸ್‌ನ ಆಚೆ ಜರ್ಮನ್, ಆಸ್ಟ್ರಿಯನ್ ಊರುಗಳು. ಅಲ್ಲಿ ಲಿಂಬೆ ಬೆಳೆಯೋದಿಲ್ಲ, ಬೇಕು ಮಾತ್ರ ಎಲ್ಲರಿಗೂ. ಸಿಸಿಲಿಯಲ್ಲಿ ಬೇಕಾದಷ್ಟು ಬೆಳೆಯುತ್ತದೆ, ಆದರೆ ಅದು ಇಟಲಿಯ ದಕ್ಷಿಣದ ಕೊನೆ. ಹಡಗಿನಲ್ಲಿ, ಗಾಡಿಯಲ್ಲಿ ಬರುವಷ್ಟರಲ್ಲಿ ವಾರಗಟ್ಟಲೆ ಆಗುತ್ತಿತ್ತು. ಗಾರ್ಡಾದ ಹಣ್ಣಾದರೋ ದೋಣಿಯಲ್ಲಿ ಸರೋವರದ ಉತ್ತರ ತುದಿಗೆ, ಅಲ್ಲಿಂದ ಬೆಟ್ಟ ದಾಟಿದರೆ ಮಾರುಕಟ್ಟೆ. ಹಣ್ಣನ್ನು ಎಣಿಸಿ, ದರ್ಜೆ ಮಾಡಿ, ಪೆಟ್ಟಿಗೆ ತುಂಬಿ ಕಳಿಸುತ್ತಿದ್ದರು. ಪೋಲೆಂಡ್, ರಷ್ಯಾದವರೆಗೂ ಹೋಗುತ್ತಿತ್ತು. ಬೆಳೆಗಾರರು ಸೇರಿ ಗಾರ್ನ್ಯಾನೊದಲ್ಲಿ 1840ರಲ್ಲಿ ಒಂದು ಮಾರಾಟ ಸಂಘವನ್ನೂ ಕಟ್ಟಿಕೊಂಡರು.

ಈ ತೋಟಗಳನ್ನು ಕಂಡ ಪ್ರಸಿದ್ಧ ಪ್ರವಾಸಿ ಜರ್ಮನ್ ಕವಿ ಗಯಟೆ. 1786ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಉತ್ತರದ ತೊರ್ಬೊಲೆಯಿಂದ ಇಬ್ಬರು ಅಂಬಿಗರ ದೋಣಿಯಲ್ಲಿ ಹೊರಟವನು ಲಿಮೋನೆಯ ಮುಂದೆ ಹಾದುಹೋದ. ಮೆಟ್ಟಿಲು ತೋಟ, ಬಿಳಿ ಕಂಬಗಳ ಸಾಲು, ಚಳಿಗಾಲದ ಹೊದಿಕೆಗಾಗಿ ಮೇಲೆ ಹಾಕಿದ ಮರಗಳು, ಎಲ್ಲವನ್ನೂ ತನ್ನ ಇಟಲಿ ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾನೆ. ಮುಂದೆ ಗಾಳಿ ತಿರುಗಿ ದೋಣಿ ಎದುರು ದಡದ ಮಾಲ್ಚೆಸಿನೆಗೆ ಹೋಗಬೇಕಾಯಿತು. ಅಲ್ಲಿ ಹಳೇ ಕೋಟೆಯ ಚಿತ್ರ ಬರೆಯುತ್ತ ಕೂತವನನ್ನು ಜನ ಆಸ್ಟ್ರಿಯದ ಗೂಢಚಾರ ಅಂತ ಹಿಡಿದದ್ದು ಇನ್ನೊಂದು ಕಥೆ. ನನಗೆ ಆಸಕ್ತಿ ಅನ್ನಿಸಿದ್ದು ಅವನು ಲಿಮೋನೆಯಲ್ಲಿ ಇಳಿಯಲಿಲ್ಲ ಎನ್ನುವುದು. ದೋಣಿಯಿಂದ ಕಂಡಷ್ಟೇ ಕಂಡದ್ದು. ದೋಣಿಯಿಂದ ಎಲ್ಲ ಬಲು ಚೆಂದ.

ಇಳಿದಿದ್ದರೆ ಯಾರು ಸಿಗುತ್ತಿದ್ದರು? ತೋಟಗಳಲ್ಲಿ ದೊಡ್ಡವು ಬೆತ್ತೋನಿ ಎಂಬ ಜಮೀನ್ದಾರ ಮನೆತನದಂಥವರಿಗೆ ಸೇರಿದ್ದವು. ಹಲಗೆ ಹೊದಿಸಿ, ಬೆಂಕಿ ಕಾದು, ಹಣ್ಣು ಕೊಯ್ಯುವವರು ಬೇರೆ. ಅಂಥ ಒಂದು ಮನೆಯ ಕಥೆ ದಾಖಲೆಯಲ್ಲಿ ಉಳಿದಿದೆ. ಊರ ಹೊರಗಿನ ತೆಸೊಲ್ ಎಂಬ ಲಿಂಬೆ ತೋಟದಲ್ಲಿ ಲುಯಿಜಿ ಕೊಂಬೋನಿ ಎಂಬವನು ತೋಟದಾಳು, ಹೆಂಡತಿ ದೊಮೆನಿಕಾ. ಎಂಟು ಮಕ್ಕಳು ಹುಟ್ಟಿದರು. ಉಳಿದು ದೊಡ್ಡವನಾದದ್ದು ಒಬ್ಬನೇ ಮಗ, 1831ರ ಮಾರ್ಚ್ 15ರಂದು ಹುಟ್ಟಿದ ದಾನಿಯೆಲೆ. ಆ ಒಬ್ಬನನ್ನೂ ಹನ್ನೆರಡನೇ ವಯಸ್ಸಿಗೆ ವೆರೋನಾ ಪಟ್ಟಣಕ್ಕೆ, ಬಡ ಹುಡುಗರಿಗೆ ಓದಿಸುವ ಒಂದು ಧರ್ಮಸಂಸ್ಥೆಗೆ ಕಳಿಸಿದರು. ಅವನು ಪಾದ್ರಿಯಾಗಿ 1857ರಲ್ಲಿ ಆಫ್ರಿಕಾಕ್ಕೆ ಹೊರಟ. ಮಧ್ಯ ಆಫ್ರಿಕಾದ ಬಿಷಪ್ ಆದ. 1881ರಲ್ಲಿ, ಐವತ್ತನೇ ವಯಸ್ಸಿಗೆ, ಸುಡಾನಿನ ಖಾರ್ತೂಮ್‌ನಲ್ಲಿ ತೀರಿಕೊಂಡ. 2003ರಲ್ಲಿ ಪೋಪ್ ಅವನನ್ನು ಸಂತ ಎಂದು ಘೋಷಿಸಿದರು. ತೆಸೊಲ್‌ನ ಮನೆ ಈಗ ಯಾತ್ರಾಸ್ಥಳ.

ನಾನು ಅಲ್ಲಿಗೆ ಹೋಗಿದ್ದೆ. ಸಂತನ ವಿಷಯ ಅಲ್ಲಿ ಓದಲಿಕ್ಕೆ ಬೇಕಾದಷ್ಟಿದೆ. ನನ್ನ ತಲೆಯಲ್ಲಿ ಮಾತ್ರ ಆ ಅಪ್ಪ-ಅಮ್ಮ ಸುತ್ತುತ್ತಿದ್ದರು. ಓದಲಿ ಅಂತ ಮಗನನ್ನು ಹೊರಗೆ ಕಳಿಸಿ, ಇಬ್ಬರೇ ಬೇರೆಯವರ ಲಿಂಬೆ ಗಿಡ ಕಾಯುತ್ತ ಉಳಿದವರು.

* * *

ಇಳಿಗಾಲ ಶುರುವಾದದ್ದು ರೋಗದಿಂದ. 1855ರ ಹೊತ್ತಿಗೆ ಗಾರ್ಡಾದ ಗಿಡಗಳಿಗೆ ಬುಡದಲ್ಲಿ ಅಂಟು ಸೋರುವ ರೋಗ ಬಂತು. ಇಂಡಿಯಲ್ಲಿ ಈ ರೋಗ ಗೊತ್ತಿಲ್ಲದ ರೈತ ಇಲ್ಲ. ನಾವು ಬುಡಕ್ಕೆ ಬೋರ್ಡೋ ಮುಲಾಮು ಬಳಿದು ತಡೆಯುತ್ತೇವೆ. ಸುಣ್ಣ, ಮೈಲುತುತ್ತದ ಆ ಬೋರ್ಡೋ ಮಿಶ್ರಣ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 1885ರ ಸುಮಾರಿಗೆ. ಅಂದರೆ ಲಿಮೋನೆಯವರಿಗೆ ಔಷಧ ಮೂವತ್ತು ವರ್ಷ ತಡ. ಗಿಡಗಳು ಸಾಲು ಸಾಲಾಗಿ ಹೋದವು.

ಗಿಡ ಮತ್ತೆ ನೆಡಬಹುದಿತ್ತು. ಅಷ್ಟರಲ್ಲಿ ಲೋಕವೇ ಬದಲಾಯಿತು. 1859ರಲ್ಲಿ ಈ ದಡ ಆಸ್ಟ್ರಿಯದ ಕೈ ತಪ್ಪಿತು, 1861ರಲ್ಲಿ ಇಟಲಿ ಒಂದು ರಾಜ್ಯವಾಯಿತು. ದೇಶಕ್ಕೆ ಹಬ್ಬ. ಲಿಮೋನೆಗೆ? ಪಕ್ಕದ ರೀವಾ ಆಸ್ಟ್ರಿಯದಲ್ಲೇ ಉಳಿಯಿತು, ಲಿಮೋನೆ ಗಡಿಯ ಊರಾಯಿತು. ಹಣ್ಣು ಕೊಳ್ಳುವವರು ಗಡಿಯ ಆಚೆ. ಹಣ್ಣಿಗೆ ಸ್ಪರ್ಧಿಯಾದ ಸಿಸಿಲಿ ಈಗ ಸ್ವಂತ ದೇಶದೊಳಗೆ. 1867ರಲ್ಲಿ ಬ್ರೆನ್ನರ್ ಮೇಲೆ ರೈಲು ಓಡತೊಡಗಿತು, ನಾನು ಕೂತು ಬಂದೆನಲ್ಲ, ಅದೇ ದಾರಿ. ರೈಲಿಗೆ ಸಿಸಿಲಿ ಹಣ್ಣಾದರೇನು, ಗಾರ್ಡಾದ ಹಣ್ಣಾದರೇನು. ದೂರ ಎನ್ನುವ ಲೆಕ್ಕದ ಮೇಲೆ ನಿಂತಿದ್ದ ಕಸುಬಿನ ಕಾಲ ಕೆಳಗಿನ ನೆಲವೇ ಸರಿಯಿತು. ಸಿಸಿಲಿಯವನಿಗೆ ಕಂಬ ಬೇಡ, ಹಲಗೆ ಬೇಡ, ಗಾಜು ಬೇಡ, ರಾತ್ರಿ ಬೆಂಕಿ ಬೇಡ. ಅವನ ಬೆಲೆಗೆ ಇವರು ಕೊಡುವುದು ಹೇಗೆ?

ಆದರೂ ತಕ್ಷಣ ಬಿಡಲಿಲ್ಲ. ಐವತ್ತು ಅರವತ್ತು ವರ್ಷ ಎಳೆದರು. 1912ರಲ್ಲಿ ಇಂಗ್ಲಿಷ್ ಲೇಖಕ ಡಿ. ಎಚ್. ಲಾರೆನ್ಸ್ ಗಾರ್ನ್ಯಾನೊದಲ್ಲಿ ಬಂದು ಉಳಿದಾಗ ಕಂಡದ್ದು ಈ ಎಳೆದಾಟದ ಕೊನೆ. 'ಟ್ವಿಲೈಟ್ ಇನ್ ಇಟಲಿ' ಎಂಬ ಪುಸ್ತಕದಲ್ಲಿ ಲಿಂಬೆ ತೋಟಗಳ ಮೇಲೊಂದು ಅಧ್ಯಾಯವೇ ಇದೆ. ಆಮೇಲೆ ಮೊದಲ ಮಹಾಯುದ್ಧ. ಗಡಿಯ ಊರಿಗೆ ಯುದ್ಧ ಅಂದರೆ ಮನೆ ಬಾಗಿಲಿಗೇ ಬಂದ ಹಾಗೆ. ಕೊನೆಯ ಪೆಟ್ಟು ಕೊಟ್ಟದ್ದು 1928-29ರ ಭೀಕರ ಚಳಿ. ಉಳಿದಿದ್ದ ಗಿಡಗಳಲ್ಲಿ ಬಹುಪಾಲು ಅದರಲ್ಲಿ ಸತ್ತವು.

ಗಿಡ ಸತ್ತಮೇಲೆ ಹಲಗೆ, ತೊಲೆ, ಗಾಜು ಬೇರೆ ಕೆಲಸಕ್ಕೆ ಹೋದವು. ಕಲ್ಲಿನ ಕಂಬವನ್ನು ಯಾರು ಎಲ್ಲಿಗೆ ಒಯ್ಯುತ್ತಾರೆ? ಅವು ನಿಂತೇ ಇದ್ದವು.

* * *

ಆಮೇಲೆ, ಎಲ್ಲ ಮುಗಿದ ಮೇಲೆ, ರಸ್ತೆ ಬಂತು!

1931ರ ಅಕ್ಟೋಬರ್‌ವರೆಗೆ ಲಿಮೋನೆಗೆ ಗಾಡಿ ಹೋಗುವ ರಸ್ತೆಯೇ ಇರಲಿಲ್ಲ. ಹೋಗಬೇಕೆಂದರೆ ದೋಣಿ, ಇಲ್ಲವಾದರೆ ಬೆಟ್ಟ ಹತ್ತಿ ಮೇಲಿನ ತ್ರೆಮೋಸಿನೆ ಹಳ್ಳಿಗಳ ಕಾಲುದಾರಿ. ಗಾರ್ನ್ಯಾನೊದಿಂದ ರೀವಾವರೆಗೆ ಬಂಡೆ ಕೊರೆದು, ಎಪ್ಪತ್ತಕ್ಕೂ ಹೆಚ್ಚು ಸುರಂಗ ತೋಡಿ, ಐವತ್ತಕ್ಕೂ ಹೆಚ್ಚು ಸೇತುವೆ ಕಟ್ಟಿ ಎರಡೇ ವರ್ಷದಲ್ಲಿ ರಸ್ತೆ ಮಾಡಿದರು. ಇಂಜಿನಿಯರ್ ರಿಕ್ಕಾರ್ದೊ ಕೊಝಾಲ್ಯೊ. ಇವತ್ತಿಗೂ ಆ ರಸ್ತೆಯಲ್ಲಿ ಹೋದರೆ ಕತ್ತಲು, ಬೆಳಕು, ಸರೋವರ, ಮತ್ತೆ ಕತ್ತಲು. ಲಿಂಬೆ ಸಾಗಿಸುವ ಕಾಲಕ್ಕೆ ಬಾರದ ರಸ್ತೆ ಈಗ ಜರ್ಮನ್ ಪ್ರವಾಸಿಗಳನ್ನು ತರತೊಡಗಿತು. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಮೀನು, ಆಲಿವ್ ನಂಬಿದ್ದ ಊರು ಪೂರ್ತಿ ಹೋಟೆಲಿನ ಊರಾಯಿತು. ಮೊದಲು ಉತ್ತರಕ್ಕೆ ಹಣ್ಣು ಹೋಗುತ್ತಿತ್ತು, ಈಗ ಉತ್ತರದವರೇ ಹಣ್ಣು ಹುಡುಕಿ ಬರುತ್ತಾರೆ.

ರಸ್ತೆ ಇಲ್ಲದ ಆ ಶತಮಾನಗಳು ಊರಿನಲ್ಲಿ ಇನ್ನೊಂದನ್ನು ಬಿಟ್ಟುಹೋಗಿದ್ದವು. ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ಅಲ್ಲಿಯವರ ರಕ್ತದಲ್ಲಿತ್ತು.

1970ರ ದಶಕದಲ್ಲಿ ಮಿಲಾನ್‌ನ ವೈದ್ಯರ ಮುಂದೆ ರೈಲ್ವೆಯಲ್ಲಿ ಕೆಲಸ ಮಾಡುವ ಒಬ್ಬ ವ್ಯಕ್ತಿ ಬಂದ. ರಕ್ತದ ರಿಪೋರ್ಟ್ ನೋಡಿದರೆ ಎದೆ ಧಸಕ್ ಅನ್ನಬೇಕು. ಟ್ರೈಗ್ಲಿಸರೈಡ್ ವಿಪರೀತ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಅಂತೀವಲ್ಲ ಆ ಎಚ್‌ಡಿಎಲ್ ವಿಪರೀತ ಕಡಿಮೆ. ಪುಸ್ತಕದ ಪ್ರಕಾರ ಹೃದಯ ಹಾಳಾಗಿರಬೇಕು. ಹೃದಯ, ರಕ್ತನಾಳ ಎರಡೂ ಸರಿಯಾಗೇ ಇದ್ದವು. ಡ್ಯಾಶ್‌ಬೋರ್ಡ್ ಪೂರ್ತಿ ಕೆಂಪು, ಸರ್ವರ್ ಮಾತ್ರ ಆರಾಮಾಗಿ ಓಡ್ತಾ ಇದೆ ಅಂತಾರಲ್ಲ, ಹಾಗೆ. ಚೆಸಾರೆ ಸಿರ್ತೋರಿ, ಗ್ವೀದೊ ಫ್ರಾಂಚೆಸ್ಕೀನಿ ಮತ್ತು ಸಂಗಡಿಗರು ಬೆನ್ನು ಹತ್ತಿದರು. ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಿನಲ್ಲಿ 243 ಅಮೈನೋ ಆಮ್ಲಗಳಿವೆ. ಅವನ ಪ್ರೋಟೀನಿನಲ್ಲಿ 173ನೆಯದು ಮಾತ್ರ ಬೇರೆ ಇತ್ತು. 243ರಲ್ಲಿ ಒಂದೇ ಒಂದು ಬದಲಾವಣೆ. 1980ರಲ್ಲಿ ಇದು ಪ್ರಕಟವಾಯಿತು.

ಆ ವ್ಯಕ್ತಿ ಹುಟ್ಟಿದ್ದು ಲಿಮೋನೆಯಲ್ಲಿ. ವೈದ್ಯರ ತಂಡ ಲಿಮೋನೆಗೆ ಬಂದು ಸುಮಾರು ಸಾವಿರ ಜನರ ಇಡೀ ಊರಿನ ರಕ್ತ ಪರೀಕ್ಷೆ ಮಾಡಿತು. ಮೂವತ್ತು ನಲವತ್ತು ಮಂದಿಯಲ್ಲಿ ಅದೇ ಬದಲಾವಣೆ ಸಿಕ್ಕಿತು. ಚರ್ಚಿನ ಹುಟ್ಟು-ಮದುವೆಯ ದಫ್ತರ ಹಿಡಿದು ಹಿಂದೆ ಹಿಂದೆ ಹೋದರೆ ಎಲ್ಲರ ಬೇರೂ ಹದಿನೆಂಟನೇ ಶತಮಾನದ ಒಂದೇ ದಂಪತಿಗೆ ಮುಟ್ಟಿತು. ದಾರಿಯಿಲ್ಲದ ಊರು, ಊರೊಳಗೇ ಮದುವೆ, ಆದ್ದರಿಂದ ಆ ಗುಣ ಚೆದುರದೆ ಉಳಿದುಕೊಂಡಿತ್ತು.

ಈ ಪ್ರೋಟೀನಿಗೆ ಇಟ್ಟ ಹೆಸರು 'ಎಪೊ ಎ-1 ಮಿಲಾನೊ'. ಲಿಮೋನೆ ಅಲ್ಲ, ಮಿಲಾನೊ. ಪತ್ತೆ ಹಚ್ಚಿದ ಊರಿನ ಹೆಸರಿಡುವುದು ವಿಜ್ಞಾನದ ರೂಢಿ, ತಪ್ಪೇನೂ ಇಲ್ಲ. ಆದರೂ ಹಳ್ಳಿಯಲ್ಲಿ ಹುಟ್ಟಿ ಸಿಟಿಯ ಹೆಸರಲ್ಲಿ ಬದುಕುವ ನನ್ನಂಥವರಿಗೆ ಇದು ಒಂಚೂರು ಚುರುಕ್ ಅನ್ನಿಸುತ್ತದೆ. ಯಾರಾದರೂ ಯಾವೂರು ಅಂದರೆ ಬೆಂಗಳೂರು ಅಂದುಬಿಡ್ತೀವಲ್ಲ.

ಆ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಔಷಧ ಮಾಡಲು ಅಮೆರಿಕದ ಎಸ್ಪೆರಿಯಾನ್ ಕಂಪನಿ ಹೊರಟಿತು. 2003ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ವಾರಕ್ಕೊಂದರಂತೆ ಐದು ಸಲ ಕೊಟ್ಟಾಗ ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಗಾತ್ರ ಶೇಕಡಾ 4ರಷ್ಟು ಇಳಿದಿತ್ತು. ಅದೇ ವರ್ಷದ ಕೊನೆಗೆ ಫೈಝರ್ ಕಂಪನಿ ಎಸ್ಪೆರಿಯಾನ್ ಅನ್ನು ಸುಮಾರು 130 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಆಮೇಲೆ ಆ ಔಷಧ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ, ಮುಂದಿನ ಪ್ರಯೋಗಗಳಲ್ಲಿ ನಿರೀಕ್ಷೆ ಹುಸಿಯಾಗಿ 2016ರಲ್ಲಿ ಕೈಬಿಡಲಾಯಿತು.

ಇದರಲ್ಲಿ ಒಂದು ವಿಚಿತ್ರ ಇದೆ. ಫೈಝರ್ ಹಿಂದೊಮ್ಮೆ ದುಡ್ಡು ಮಾಡಿದ್ದು ಸಿಟ್ರಿಕ್ ಆಮ್ಲದಿಂದ, ಇಟಲಿಯ ಲಿಂಬೆಯ ಸರಕು ತರಿಸಿ. ಮೊದಲ ಮಹಾಯುದ್ಧದಲ್ಲಿ ಸರಕು ಬರುವುದು ಕಷ್ಟವಾದಾಗ ಬೂಷ್ಟಿನಿಂದ, ಸಕ್ಕರೆ ಹುಳಿಸಿ ಆಮ್ಲ ತೆಗೆಯುವ ದಾರಿ ಹಿಡಿಯಿತು. 1919ರಿಂದ ಅದು ದೊಡ್ಡ ಪ್ರಮಾಣದಲ್ಲಿ ಶುರುವಾಗಿ ಇಟಲಿಯ ಲಿಂಬೆಗೆ ಇದ್ದ ಒಂದು ದೊಡ್ಡ ಗಿರಾಕಿಯೇ ಹೋಯಿತು. ಪೆಟ್ಟು ಬಿದ್ದದ್ದು ಹೆಚ್ಚಾಗಿ ಸಿಸಿಲಿಗೆ. ಗಾರ್ಡಾವನ್ನು ಸೋಲಿಸಿದ ಸಿಸಿಲಿಯನ್ನು ಸೋಲಿಸಿದ್ದು ಒಂದು ಬೂಷ್ಟು ಅನ್ನಬಹುದು.

* * *

ಲಿಮೋನೆಯಲ್ಲಿ ಒಂದು ತೋಟವನ್ನು ಊರಿನ ಆಡಳಿತವೇ ದುರಸ್ತಿ ಮಾಡಿಸಿ 2004ರಲ್ಲಿ ಜನರಿಗೆ ತೆರೆದಿದೆ. ಹೆಸರು ಲಿಮೊನಾಯಾ ದೆಲ್ ಕಸ್ತೆಲ್. ಹದಿನೆಂಟನೇ ಶತಮಾನದ ಆರಂಭದ್ದು. ಟಿಕೆಟ್ ತಗೊಂಡು ಒಳಗೆ ಹೋದೆ. ಅಂತಸ್ತು ಅಂತಸ್ತಾಗಿ ಕಂಬ, ನಡುವೆ ಗಿಡ, ಗಿಡದ ತುಂಬಾ ಹಣ್ಣು. ಹೂವಿನ ವಾಸನೆಗೆ ಒಂದು ಕ್ಷಣ ನಮ್ಮ ಬಾವಿ ಕಡೆಯ ಬದುವಿನ ಮೇಲೆ ನಿಂತ ಹಾಗಾಯಿತು. ಎರಡು ಕಂಬಗಳ ಸಂದಿಯಲ್ಲಿ ನೀಲಿ ಸರೋವರ. ನನ್ನ ಪಕ್ಕದವರೆಲ್ಲ ಫೋಟೋ ತೆಗೆಯುತ್ತಿದ್ದರು, ನಾನೂ ತೆಗೆದೆ. ಅಲ್ಲೇ ಕೂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

ಅಪ್ಪ ಗಿಡ ನೋಡಿದ, ಕಂಬ ನೋಡಿದ. ಚಳಿ, ಹಲಗೆ, ಗಾಜು, ಬೆಂಕಿಯ ಕಥೆ ಎಲ್ಲ ಹೇಳಿದೆ. ರೋಗದ್ದೂ ಹೇಳಿದೆ. "ಬುಡಕ್ಕ ನೀರ ನಿಂತಿರಬೇಕು" ಅಂದ, 1855ರ ರೋಗಕ್ಕೆ ಇಂಡಿಯಿಂದ ಕಾರಣ ಕೊಟ್ಟು. ಆಮೇಲೆ ಕೇಳಿದ:

"ಅಲ್ಲೋ ತಮ್ಮಾ, ಈಗ ಈ ಹಣ್ಣ ಮಾರಿ ತ್ವಾಟದ ಖರ್ಚ ಹೊಂಡತೈತೇನು?"

"ಇಲ್ಲಪಾ. ಊರ ಪಂಚಾಯ್ತಿ ನೋಡ್ಕೊಂತೈತಿ. ನೋಡಾಕ ಬರೋ ಮಂದಿ ರೊಕ್ಕಾ ಕೊಡ್ತಾರ."

"ಹಂಗಾರ ಇದು ತ್ವಾಟ ಅಲ್ಲ ಬಿಡು, ಗುಡಿ" ಅಂದ. ಸ್ವಲ್ಪ ತಡೆದು, "ಇರ್ಲಿ, ಚಲೋ ಐತಿ. ಆದ್ರ ನಮ್ಮ ಗಿಡಾ ನೋಡಾಕ ಯಾರ ಬರ್ತಾರ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮ್ಯೂನಿಕ್‌ನಲ್ಲಿ ಕೂತು "ಕಡಸಬ್ಯಾಡ" ಅಂದದ್ದು ದೋಣಿಯಲ್ಲಿ ಕೂತು ಹೇಳಿದ ಮಾತು ಅಂತ ಆಗ ಅನ್ನಿಸಿತು. ಆ ಗಿಡಗಳ ಮೇಲೆ ನನಗಿದ್ದದ್ದು ಪ್ರೀತಿಯೇ, ಸುಳ್ಳಲ್ಲ. ಆದರೆ ಟ್ಯಾಂಕರ್ ಬಿಲ್ ಕಟ್ಟುತ್ತಿದ್ದವನು, ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗುತ್ತಿದ್ದವನು ಅಪ್ಪ. ಲಿಮೋನೆಯವರು ಲಿಂಬೆ ಬಿಟ್ಟದ್ದು ಪ್ರೀತಿ ಕಡಿಮೆಯಾಗಿ ಅಲ್ಲ. ರೋಗ ಬಂದ ಮೇಲೂ, ರೈಲು ಬಂದ ಮೇಲೂ ಎಪ್ಪತ್ತು ವರ್ಷ ಹಲಗೆ ಹೊತ್ತರು. ಆ ಎಪ್ಪತ್ತು ವರ್ಷದ ನಷ್ಟವನ್ನು ಕಂಬಗಳ ಫೋಟೋ ತೆಗೆಯುವ ನಾವ್ಯಾರೂ ತುಂಬಿಕೊಟ್ಟಿಲ್ಲ.

ಹೊರಡುವ ದಿನ ಮತ್ತೆ ದೋಣಿಯಲ್ಲಿ ಕೂತೆ. ಇಳಿಜಾರಿನ ಮೇಲೆ ಖಾಲಿ ಕಂಬಗಳೂ ಇದ್ದವು, ದುರಸ್ತಿಯಾದವೂ ಇದ್ದವು. ದೂರ ಹೋದಂತೆ ಯಾವುದು ಯಾವುದು ಅಂತ ತಿಳಿಯದಾಯಿತು.

ರೀವಾದಲ್ಲಿ ಇಳಿದು, ಬಸ್ಸಿಗೆ ಕಾಯುತ್ತ, ಅಪ್ಪನ ಜೊತೆ ಲೆಕ್ಕಕ್ಕೆ ಕೂತೆ. ಟ್ಯಾಂಕರ್‌ಗೆ ಎಷ್ಟು, ಹೊಸ ಬೋರ್ ಹೊಡೆಸಿದರೆ ಎಷ್ಟು, ನೀರು ಬೀಳದಿದ್ದರೆ ಎಷ್ಟು. ಜೀವನದಲ್ಲಿ ಮೊದಲ ಸಲ ನಮ್ಮ ಹೊಲದ ಲೆಕ್ಕ ಎಕ್ಸೆಲ್ ಶೀಟಿಗೆ ಏರಿತು. ಕೊನೆಗೆ ಎರಡು ಎಕರೆ ಕಡಿಸೋದೇ ಅಂತಾಯಿತು. ಉಳಿದ ಎರಡಕ್ಕೆ ಹನಿ ನೀರಾವರಿ ಹಾಕಿಸುವ ಖರ್ಚು ನನ್ನದು. ಕಡಿಯುವ ದಿನ ಅಪ್ಪ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಲಿಮೋನೆಯಲ್ಲಿ ತೆಗೆದ ಒಂದು ಫೋಟೋವನ್ನು ಅಪ್ಪ ಇಂಡಿಯಲ್ಲಿ ಪ್ರಿಂಟ್ ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾನೆ. ಬಂದವರು ಹಂಪಿಯೇನು ಅಂತ ಕೇಳ್ತಾರಂತೆ.

"ಅಲ್ರೀ, ಇದೂ ಲಿಂಬಿ ತ್ವಾಟನ" ಅಂತ ಹೇಳ್ತಾನಂತೆ.